ಸಿಗ್ನಲ್ ಫುಲ್ ಇದೆ, ಆದ್ರೂ ಸಂಜೆ ನೆಟ್ ಯಾಕೆ ತೆವಳುತ್ತೆ?

ನಮ್ಮ ಮನೆ ಛಾವಣಿ ಮೇಲೆ ಒಂದು ಬಿಳಿ ತಟ್ಟೆ ಇದೆ, ನಮ್ಮ ಇಂಟರ್ನೆಟ್ ಬರೋದು ಅದರಿಂದ. ಇಂಥ ಸಂಪರ್ಕಕ್ಕೆ ಫಿಕ್ಸೆಡ್ ವೈರ್‌ಲೆಸ್ ಅಂತಾರೆ. ಅದರ ಸೆಟ್ಟಿಂಗ್ ಪುಟ ತೆರೆದರೆ ಮೇಲ್ಗಡೆ ಒಂದು ಅಂಕಿ ಕಾಣುತ್ತದೆ: ಮೈನಸ್ 61. ದೂರದ ಟವರ್‌ನಿಂದ ಬರುವ ಸಿಗ್ನಲ್ ಎಷ್ಟು ಗಟ್ಟಿ ಅನ್ನೋದರ ಅಳತೆ ಅದು. ಡಿಬಿಎಂ ಅಂತಾರೆ, ಸೊನ್ನೆಗೆ ಹತ್ತಿರ ಬಂದಷ್ಟೂ ಗಟ್ಟಿ. ಮೈನಸ್ 61 ಅಂದ್ರೆ ಚೆನ್ನಾಗೇ ಇದೆ. ಬೆಳಿಗ್ಗೆ ನೋಡಿದರೂ 61, ಮಧ್ಯಾಹ್ನ ನೋಡಿದರೂ 61. ಆದರೆ ಸಂಜೆ 8 ಆಯಿತು ಅಂದ್ರೆ ವಿಡಿಯೊ ಕಾಲ್‌ನಲ್ಲಿ ಎದುರಿನವರ ಮುಖ ಚೌಕ ಚೌಕವಾಗಿ ಒಡೆದು ಹಾಗೇ ನಿಂತುಬಿಡುತ್ತಿತ್ತು. ಹೆಲ್ಪ್‌ಲೈನ್‌ಗೆ ಫೋನ್ ಮಾಡಿದರೆ ಪ್ರತಿ ಸಲ ಒಂದೇ ಉತ್ತರ: "ಸಿಗ್ನಲ್ ಫುಲ್ ಇದೆ ಸರ್, ರೂಟರ್ ಒಂದ್ಸಲ ಆಫ್ ಮಾಡಿ ಆನ್ ಮಾಡಿ."

ಅವರು ಸುಳ್ಳು ಹೇಳುತ್ತಿರಲಿಲ್ಲ. ಸಿಗ್ನಲ್ ಫುಲ್ಲೇ ಇತ್ತು. ನೆಟ್ ಇರಲಿಲ್ಲ, ಅಷ್ಟೇ.

ಇದು ಹೇಗೆ ಸಾಧ್ಯ ಅಂತ ತಲೆ ಕೆಡಿಸಿಕೊಂಡು ಕೂತಾಗಲೇ ಈ ಜಾಲ ಒಳಗೆ ಹೇಗಿದೆ ಅಂತ ನನಗೆ ಸರಿಯಾಗಿ ತಿಳಿದದ್ದು. ಫಿಕ್ಸೆಡ್ ವೈರ್‌ಲೆಸ್ ಅಂದ ತಕ್ಷಣ ನಾವು ಮೊಬೈಲ್ ಸಿಗ್ನಲ್ ಕಡ್ಡಿಗಳನ್ನೇ ನೆನೆಸಿಕೊಳ್ಳುತ್ತೇವೆ, ಕಡ್ಡಿ ತುಂಬಿದ್ದರೆ ಎಲ್ಲ ಸರಿ ಅಂದುಕೊಳ್ಳುತ್ತೇವೆ. ಆದರೆ ಆ ಕಡ್ಡಿ, ಆ ಮೈನಸ್ 61, ಹೇಳೋದು ನಮ್ಮ ಛಾವಣಿಯಿಂದ ಮೊದಲ ಟವರ್‌ವರೆಗಿನ ಸುದ್ದಿ ಮಾತ್ರ. ಅಲ್ಲಿಂದಾಚೆ ಇನ್ನೂ ಮೂರ್ನಾಲ್ಕು ಮೆಟ್ಟಿಲು ಇವೆ. ಇಕ್ಕಟ್ಟು ಅವುಗಳಲ್ಲಿ ಯಾವುದರಲ್ಲಿ ಬೇಕಾದರೂ ಇರಬಹುದು.

ಮೊದಲು ಹೆಸರಿನ ಮಾತು ಮುಗಿಸಿಬಿಡೋಣ. ಎರಡೂ ತುದಿ ಅಲುಗಾಡದೆ ನಿಂತಿರುವ ರೇಡಿಯೊ ಸಂಪರ್ಕ, ಆದ್ದರಿಂದ ಫಿಕ್ಸೆಡ್. ಮೊಬೈಲ್ ಜೇಬಿನಲ್ಲಿ ತಿರುಗಾಡುತ್ತೆ, ಅದಕ್ಕೆ ಎಲ್ಲ ದಿಕ್ಕಿನಿಂದಲೂ ಸಿಗ್ನಲ್ ಹಿಡಿಯುವ ಸಣ್ಣ ಆಂಟೆನಾ ಬೇಕು. ಛಾವಣಿಯ ತಟ್ಟೆ ಎಲ್ಲಿಗೂ ಹೋಗಲ್ಲ, ಹಾಗಾಗಿ ಅದನ್ನು ಟವರ್ ಕಡೆಗೆ ಬಿಗಿಯಾಗಿ ತಿರುಗಿಸಿ ಬೋಲ್ಟ್ ಹಾಕಿಬಿಡಬಹುದು. ಹಾಗೆ ಒಂದೇ ಕಡೆ ಕಣ್ಣು ನೆಟ್ಟದ್ದರಿಂದ ಸಿಗುವ ಲಾಭ ಕಮ್ಮಿಯದಲ್ಲ. ಕಾಗದದ ಮೇಲೆ ಲೆಕ್ಕ ಹಾಕಿ ನೋಡಿ: ಟವರ್ ಕಡೆಯಿಂದ ಹೊರಡುವ ಶಕ್ತಿ 36 ಡಿಬಿಎಂ, ಅಂದರೆ ಸುಮಾರು 4 ವಾಟ್. 5.8 ಗಿಗಾಹರ್ಟ್ಸ್‌ನಲ್ಲಿ 5 ಕಿಲೋಮೀಟರ್ ಗಾಳಿ ದಾಟುವಷ್ಟರಲ್ಲಿ ಸುಮಾರು 122 ಡೆಸಿಬೆಲ್ ಕಳೆದುಹೋಗುತ್ತೆ. ತಟ್ಟೆ ತನ್ನ ಆಕಾರದಿಂದಲೇ 25 ಡೆಸಿಬೆಲ್ ವಾಪಸ್ ಗಳಿಸಿ ಕೊಡುತ್ತೆ. 36ರಲ್ಲಿ 122 ಕಳೆದು 25 ಸೇರಿಸಿದರೆ ಮೈನಸ್ 61. ಇದನ್ನೇ ವಾಟ್ ಲೆಕ್ಕದಲ್ಲಿ ಹೇಳಿದರೆ ಒಂದು ವಾಟ್‌ನ ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲಿಗಿಂತಲೂ ಸ್ವಲ್ಪ ಕಡಿಮೆ. ಅಷ್ಟರಲ್ಲೇ ಸಿನಿಮಾ ಓಡುತ್ತೆ!

ತಟ್ಟೆ ಕೂರಿಸುವ ಕೆಲಸ ನೋಡೋದಕ್ಕೆ ಸುಲಭ, ಮಾಡೋದಕ್ಕಲ್ಲ. ಒಬ್ಬರು ಮೇಲೆ ನಿಂತು ಬೋಲ್ಟ್ ಸಡಿಲ ಮಾಡಿ ಕೂದಲೆಳೆಯಷ್ಟು ತಿರುಗಿಸುತ್ತಾರೆ, ಇನ್ನೊಬ್ಬರು ಫೋನ್‌ನಲ್ಲಿ ಅಂಕಿ ಓದುತ್ತಾರೆ. 78, 74, 71, ಮತ್ತೆ 75, ಎಲ್ಲವೂ ಮೈನಸ್. ಸರಿ, 71ಕ್ಕೆ ವಾಪಸ್ ಬಂದು ಬಿಗಿ ಮಾಡೋಣ ಅನ್ನಿಸುತ್ತೆ, ಅಲ್ವಾ? ಎಡವೋದು ಇಲ್ಲೇ. ತಟ್ಟೆಯ ಮುಖ್ಯ ಕಿರಣದ ಅಕ್ಕಪಕ್ಕದಲ್ಲಿ ಸಣ್ಣ ಸಣ್ಣ ಉಪಕಿರಣಗಳೂ ಇರುತ್ತವೆ, ಟವರ್ ಅವುಗಳಲ್ಲಿ ಒಂದಕ್ಕೆ ಸಿಕ್ಕಿದರೂ ಅಂಕಿ ಏರಿ ಇಳಿದು ಇದೇ ಶಿಖರ ಅಂತ ನಂಬಿಸುತ್ತದೆ. ನಿಜವಾದ ಶಿಖರ ಇನ್ನೂ ಅತ್ತ ಇರುತ್ತೆ. ನಮ್ಮಲ್ಲಿ ಬಂದ ಹುಡುಗ 71ರಲ್ಲಿ ನಿಲ್ಲಿಸಲಿಲ್ಲ. ಇನ್ನೂ ತಿರುಗಿಸಿದ, ಅಂಕಿ 80ರ ಆಚೆಗೆ ಬಿತ್ತು, ನಾನು ಹಾಳಾಯ್ತು ಅಂದುಕೊಂಡೆ, ಆಮೇಲೆ ಏರುತ್ತಾ ಏರುತ್ತಾ 61ಕ್ಕೆ ಬಂತು. ಕೇಬಲ್ ಗೋಡೆಯೊಳಗೆ ಹೋಗುವ ಮುಂಚೆ ಕೆಳಕ್ಕೆ ಒಂದು ಜೋಲು ಬಿಟ್ಟ, ಮಳೆ ನೀರು ಕೇಬಲ್ ಗುಂಟ ಒಳಗೆ ಹರಿಯದೆ ಅಲ್ಲೇ ತೊಟ್ಟಿಕ್ಕಲಿ ಅಂತ. ಆ ಒಂದೇ ಕೇಬಲ್‌ನಲ್ಲಿ ಡೇಟಾ ಕೆಳಗೆ ಬರುತ್ತೆ, ಕರೆಂಟ್ ಮೇಲೆ ಹೋಗುತ್ತೆ.

ಮರಗಳ ವಿಷಯ ಇಲ್ಲೇ ಹೇಳಿಬಿಡುತ್ತೇನೆ, ಯಾಕಂದ್ರೆ ಜಾಸ್ತಿ ಜನ ಮೋಸ ಹೋಗೋದು ಇದರಲ್ಲೇ. ಕಣ್ಣಿಗೆ ಟವರ್ ಕಾಣುತ್ತಿದೆ ಅಂದ್ರೆ ಸಾಕು ಅಂದುಕೊಳ್ಳುತ್ತಾರೆ. ಸಾಲದು. ರೇಡಿಯೊ ಅಲೆ ದಾರದ ಹಾಗೆ ನೇರ ಗೆರೆಯಲ್ಲಿ ಹೋಗಲ್ಲ, ನಡುವೆ ಉಬ್ಬಿಕೊಂಡು ಸೌತೆಕಾಯಿ ಆಕಾರದ ಜಾಗ ಬೇಡುತ್ತೆ. ಅದಕ್ಕೆ ಫ್ರೆನೆಲ್ ವಲಯ ಅಂತ ಹೆಸರು. 5.5 ಗಿಗಾಹರ್ಟ್ಸ್‌ನಲ್ಲಿ 5 ಕಿಲೋಮೀಟರ್ ಸಂಪರ್ಕಕ್ಕೆ ಆ ಸೌತೆಕಾಯಿಯ ನಡುವಿನ ತ್ರಿಜ್ಯ ಸುಮಾರು 8 ಮೀಟರ್. ಅದರಲ್ಲಿ 60 ಶೇಕಡಾ ಆದರೂ ಖಾಲಿ ಇರಬೇಕು, ಅಂದರೆ ಕಣ್ಣಿನ ಗೆರೆಯಿಂದ ಕೆಳಗೆ ಇನ್ನೂ 5 ಮೀಟರ್‌ವರೆಗೆ ಮರ, ಕಟ್ಟಡ ಏನೂ ಇರಬಾರದು. ಎಲೆ ಉದುರಿದ ಕಾಲದಲ್ಲಿ ಕೂರಿಸಿದ ತಟ್ಟೆ ಚಿಗುರು ಬಂದ ಮೇಲೆ ಕೈಕೊಡೋದು ಇದಕ್ಕೇ.

ಈಗ ಟವರ್ ಹತ್ತೋಣ. ಮೇಲೆ ಸಾಮಾನ್ಯವಾಗಿ ಮೂರೋ ನಾಲ್ಕೋ ಉದ್ದನೆಯ ಆಂಟೆನಾಗಳಿರುತ್ತವೆ. ಒಂದೊಂದೂ ಸುತ್ತಲಿನ ಜಾಗದಲ್ಲಿ ಒಂದು ತುಂಡನ್ನು ನೋಡಿಕೊಳ್ಳುತ್ತೆ, 120 ಡಿಗ್ರಿಯೋ 90 ಡಿಗ್ರಿಯೋ. ಅದಕ್ಕೆ ಸೆಕ್ಟರ್ ಅಂತಾರೆ. ನಮ್ಮ ತಟ್ಟೆ ಮಾತಾಡೋದು ಆ ಒಂದು ಸೆಕ್ಟರ್ ಜೊತೆ, ನಮ್ಮ ಜೊತೆ ಇನ್ನೂ ಮೂವತ್ತೋ ನಲವತ್ತೋ ಮನೆಗಳೂ ಅದರ ಜೊತೆಯೇ ಮಾತಾಡುತ್ತಿರುತ್ತವೆ. ಒಂದೇ ಚಾನೆಲ್, ಒಂದೇ ಗಾಳಿ.

ಇದನ್ನು ಬಾವಿ ಅಂದುಕೊಳ್ಳಿ. ಒಂದೇ ರಾಟೆ, ಒಂದೇ ಹಗ್ಗ. ನೀರಿಗೆ ಬರ ಇಲ್ಲ, ಬರ ಇರೋದು ರಾಟೆಯ ಮುಂದೆ ನಿಲ್ಲುವ ಹೊತ್ತಿಗೆ. ಸಿಗ್ನಲ್ ಚೆನ್ನಾಗಿರುವ ಮನೆಯವರು ದೊಡ್ಡ ಕೊಡ ತಂದಿರುತ್ತಾರೆ, ನಾಲ್ಕು ಸಲ ಸೇದಿ ಹೊರಟುಬಿಡುತ್ತಾರೆ. ಮರದ ಮರೆಯಲ್ಲಿ ಕುಂಯ್‌ಗುಡುವ ಸಿಗ್ನಲ್ ಇರುವ ಮನೆಯವರದು ಚೆಂಬು. ಅಷ್ಟೇ ನೀರಿಗೆ ಹದಿನಾರು ಸಲ ಸೇದಬೇಕು. ಅಲ್ಲಿಯವರೆಗೆ ಹಗ್ಗ ಅವರ ಕೈಯಲ್ಲಿ, ಉಳಿದವರು ಸಾಲಿನಲ್ಲಿ.

ರೇಡಿಯೊದಲ್ಲಿ ಈ ಕೊಡ ಚೆಂಬಿನ ಲೆಕ್ಕಕ್ಕೆ ಮಾಡ್ಯುಲೇಶನ್ ಅಂತ ಹೆಸರು. ಸಿಗ್ನಲ್ ಗಟ್ಟಿ ಇದ್ದಾಗ 256-ಕ್ಯೂಎಎಂ ಅನ್ನೋ ವಿಧಾನದಲ್ಲಿ ಒಂದು ಸಲಕ್ಕೆ 8 ಬಿಟ್ ಹೋಗುತ್ತೆ, ದುರ್ಬಲ ಆದಾಗ ಕ್ಯೂಪಿಎಸ್‌ಕೆಗೆ ಇಳಿದು 2 ಬಿಟ್ ಮಾತ್ರ. ರೇಡಿಯೊ ತಾನೇ ನೋಡಿಕೊಂಡು ಏರಿಸಿ ಇಳಿಸಿ ಮಾಡುತ್ತೆ. ಈಗ ಎರಡು ಮನೆ ಒಂದೇ ಫೈಲ್ ಇಳಿಸಿಕೊಳ್ಳುತ್ತಿವೆ ಅನ್ನಿ. 8 ಬಿಟ್ ಮನೆಗೆ 1 ಸೆಕೆಂಡ್ ಸಾಕು, 2 ಬಿಟ್ ಮನೆಗೆ 4 ಸೆಕೆಂಡ್ ಬೇಕು. ಒಟ್ಟು 5 ಸೆಕೆಂಡ್. ಎರಡೂ ಮನೆಗೆ ಒಳ್ಳೆ ಸಿಗ್ನಲ್ ಇದ್ದಿದ್ದರೆ 2 ಸೆಕೆಂಡ್‌ನಲ್ಲಿ ಮುಗಿಯುತ್ತಿತ್ತು. ಅಂದರೆ ಒಂದೇ ಒಂದು ಕೆಟ್ಟ ಸಂಪರ್ಕ ಸೇರಿದ್ದಕ್ಕೆ ಇಬ್ಬರ ಒಟ್ಟು ವೇಗ 40 ಶೇಕಡಾಕ್ಕೆ ಬಿತ್ತು. ಪಕ್ಕದ ಬೀದಿಯವರ ತಟ್ಟೆ ಗಾಳಿಗೆ ತಿರುಗಿಕೊಂಡರೆ ನಮ್ಮ ನೆಟ್ ನಿಧಾನ ಆಗುತ್ತೆ ಅಂತ ಯಾರಾದ್ರೂ ಹೇಳಿದ್ದರೆ ಮೊದಲು ನಾನು ನಗುತ್ತಿದ್ದೆ. ನಗುವ ವಿಷಯ ಅಲ್ಲ. ಒಳ್ಳೆ ಕಂಪನಿಗಳು ಸಿಗ್ನಲ್ ಸರಿ ಇಲ್ಲದ ಮನೆಗೆ "ಇಲ್ಲಿ ಆಗಲ್ಲ" ಅಂದುಬಿಡುತ್ತವೆ. ಗಿರಾಕಿಗೆ ಬೇಜಾರಾಗುತ್ತೆ, ಉಳಿದ ಮನೆಗಳು ಬದುಕಿಕೊಳ್ಳುತ್ತವೆ.

ಸಾಲಿನಲ್ಲಿ ಯಾರು ಯಾವಾಗ ಸೇದಬೇಕು ಅನ್ನೋದೂ ದೊಡ್ಡ ಪ್ರಶ್ನೆ. 1971ರಲ್ಲಿ ಹವಾಯಿ ವಿಶ್ವವಿದ್ಯಾಲಯದಲ್ಲಿ ನಾರ್ಮನ್ ಅಬ್ರಾಮ್‌ಸನ್ ಮತ್ತು ಅವರ ಜೊತೆಗಾರರು ಅಲೋಹಾನೆಟ್ ಶುರು ಮಾಡಿದಾಗ ನಿಯಮ ಬಹಳ ಸರಳ ಇತ್ತು: ಹೇಳೋದು ಇದ್ದರೆ ಹೇಳಿಬಿಡು, ಬೇರೆಯವರ ಮಾತಿಗೆ ಡಿಕ್ಕಿ ಹೊಡೆದರೆ ಸ್ವಲ್ಪ ತಡೆದು ಮತ್ತೆ ಹೇಳು. ದ್ವೀಪದಿಂದ ದ್ವೀಪಕ್ಕೆ ಕಂಪ್ಯೂಟರ್‌ಗಳು ರೇಡಿಯೊದಲ್ಲಿ ಮಾತಾಡಿದವು, ಆದರೆ ಲೆಕ್ಕ ಹಾಕಿದರೆ ಈ ಪದ್ಧತಿಯಲ್ಲಿ ಚಾನೆಲ್‌ನ ಸುಮಾರು 18 ಶೇಕಡಾ ಮಾತ್ರ ಕೆಲಸಕ್ಕೆ ಬರುತ್ತೆ, ಉಳಿದದ್ದು ಡಿಕ್ಕಿಯಲ್ಲಿ, ಸುಮ್ನೆ ಕಾಯೋದರಲ್ಲಿ ಹೋಗುತ್ತೆ. ಗಡಿಯಾರ ಇಟ್ಟುಕೊಂಡು ಗೊತ್ತಾದ ಹೊತ್ತಿಗೇ ಮಾತು ಶುರು ಮಾಡಿ ಅಂತ ನಿಯಮ ಮಾಡಿದ ಮಾತ್ರಕ್ಕೆ ಅದು ದುಪ್ಪಟ್ಟಾಗಿ 37ರ ಹತ್ತಿರ ಬಂತು. ಮನೆಯೊಳಗಿನ ವೈಫೈ ಇನ್ನೊಂದು ಉಪಾಯ ಮಾಡುತ್ತೆ: ಮೊದಲು ಕಿವಿಗೊಟ್ಟು ಕೇಳು, ಯಾರೂ ಮಾತಾಡುತ್ತಿಲ್ಲ ಅಂದ್ರೆ ನೀನು ಮಾತಾಡು. ಒಂದೇ ಕೋಣೆಯಲ್ಲಿ ಇದು ನಡೆಯುತ್ತೆ. ಆದರೆ ಟವರ್‌ನ ಆ ಕಡೆ ಈ ಕಡೆ ಇರುವ ಎರಡು ಛಾವಣಿಗಳಿಗೆ ಒಬ್ಬರ ಮಾತು ಒಬ್ಬರಿಗೆ ಕೇಳಿಸಲ್ಲ. ಇಬ್ಬರೂ ಗಾಳಿ ಖಾಲಿ ಇದೆ ಅಂದುಕೊಂಡು ಒಟ್ಟಿಗೆ ಶುರು ಮಾಡುತ್ತಾರೆ, ಟವರ್‌ಗೆ ಬರೀ ಗದ್ದಲ. ಆದ್ದರಿಂದ ಫಿಕ್ಸೆಡ್ ವೈರ್‌ಲೆಸ್ ಸಲಕರಣೆಗಳಲ್ಲಿ ಟವರೇ ಯಜಮಾನ: ಯಾರಿಗೆ ಎಷ್ಟು ಹೊತ್ತು ಅಂತ ಮಿಲಿಸೆಕೆಂಡ್‌ಗಳಲ್ಲಿ ಹಂಚಿ ಚೀಟಿ ಕೊಡುತ್ತೆ, ಚೀಟಿ ಇಲ್ಲದೆ ಯಾರೂ ಬಾಯಿ ತೆರೆಯುವ ಹಾಗಿಲ್ಲ. ಇಳಿಕೆಗೆ ನಾಲ್ಕರಲ್ಲಿ ಮೂರು ಪಾಲು, ಏರಿಕೆಗೆ ಒಂದು ಪಾಲು ಅನ್ನೋ ಥರ ಹೊತ್ತು ಹಂಚಿರುತ್ತಾರೆ. ಅಪ್‌ಲೋಡ್ ಯಾಕೆ ಇಷ್ಟು ಕಮ್ಮಿ ಅಂತ ಬೈಯೋರಿಗೆ ಉತ್ತರ ಇದೇ.

ಇನ್ನೊಂದು ಮೋಜು. ಒಂದೇ ಕಂಬದ ಮೇಲೆ ಒಂದು ಸೆಕ್ಟರ್ ಕೂಗುತ್ತಿರುವಾಗ, ಒಂದು ಮೀಟರ್ ಪಕ್ಕದಲ್ಲಿರುವ ಇನ್ನೊಂದು ಸೆಕ್ಟರ್ 5 ಕಿಲೋಮೀಟರ್ ಆಚೆಯ ಪಿಸುಮಾತು ಕೇಳಿಸಿಕೊಳ್ಳೋಕೆ ಒದ್ದಾಡುತ್ತಿದ್ದರೆ ಏನಾಗುತ್ತೆ? ಕಿವುಡಾಗುತ್ತೆ. ಹಾಗಾಗಿ ಎಲ್ಲ ಸೆಕ್ಟರ್‌ಗಳೂ, ಸುತ್ತಲಿನ ಟವರ್‌ಗಳೂ, ಒಟ್ಟಿಗೆ ಮಾತಾಡಿ ಒಟ್ಟಿಗೆ ಸುಮ್ಮನಾಗಬೇಕು. ಆ ತಾಳ ಹಾಕಿಕೊಡೋದು ಜಿಪಿಎಸ್ ಉಪಗ್ರಹಗಳ ಗಡಿಯಾರ. ದಾರಿ ತೋರಿಸುವ ಜಿಪಿಎಸ್‌ಗೆ ಹೀಗೂ ಒಂದು ಕೆಲಸ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಸೆಕ್ಟರ್ ಮಾರಾಟದ ಲೆಕ್ಕ ಬೇರೆ ಇದೆ. ಉದಾಹರಣೆಗೆ ಸೆಕ್ಟರ್‌ನ ನಿಜವಾದ ಸಾಮರ್ಥ್ಯ 400 ಎಂಬಿಪಿಎಸ್ ಅನ್ನಿ, 40 ಮನೆಗೆ ತಲಾ 100 ಎಂಬಿಪಿಎಸ್ ಮಾರಿದ್ದಾರೆ. ಇದ್ದದ್ದರ ಹತ್ತು ಪಟ್ಟು. ಕೇಳಿದರೆ ಹಗಲು ದರೋಡೆ ಅನ್ನಿಸುತ್ತೆ, ಆದರೆ ನನ್ನ ಅಭಿಪ್ರಾಯದಲ್ಲಿ ಹಾಗಲ್ಲ. ಒಂದು ಎಚ್‌ಡಿ ವಿಡಿಯೊಗೆ 5 ಎಂಬಿಪಿಎಸ್ ಸಾಕು. ಎಲ್ಲ 40 ಮನೆಯೂ ಒಟ್ಟಿಗೆ ಒಂದೊಂದು ವಿಡಿಯೊ ನೋಡಿದರೂ 200 ಆಗುತ್ತೆ, ಇನ್ನೂ ಅರ್ಧ ಉಳಿಯುತ್ತೆ. ಫೈಬರ್ ಕಂಪನಿಗಳೂ ಹೀಗೇ ಮಾರುತ್ತವೆ. ಹತ್ತು ಪಟ್ಟು ಮಾರಿದ್ದರಲ್ಲಿ ತಪ್ಪಿಲ್ಲ, 40 ಮನೆ 80 ಆದಾಗಲೂ ಇನ್ನೊಂದು ಸೆಕ್ಟರ್ ಹಾಕದೆ ಕೂತರೆ ಅದು ತಪ್ಪು.

ಇಲ್ಲಿಯವರೆಗಿನದು ಕೊನೆಯ ಒಂದು ಮೈಲಿಯ ಕಥೆ. ನನ್ನ ಅನುಭವದಲ್ಲಿ ಗ್ರಾಹಕರಿಗೆ ಕಾಣದೇ ಇರೋದು ಇದರ ಹಿಂದಿನ ಭಾಗ. ಟವರ್‌ಗೆ ಇಂಟರ್ನೆಟ್ ಎಲ್ಲಿಂದ ಬರುತ್ತೆ? ಕೆಲವು ಟವರ್‌ಗಳ ಬುಡಕ್ಕೇ ಫೈಬರ್ ಬಂದಿರುತ್ತೆ. ಹಲವಕ್ಕೆ ಬಂದಿರಲ್ಲ. ಅಲ್ಲಿ ಟವರ್‌ನಿಂದ ಟವರ್‌ಗೆ ಎದುರುಬದುರು ಎರಡು ತಟ್ಟೆ ಇಟ್ಟು ಬೇರೆಯದೇ ರೇಡಿಯೊ ಸಂಪರ್ಕ ಕೊಟ್ಟಿರುತ್ತಾರೆ. ಇದೇ ಬ್ಯಾಕ್‌ಹಾಲ್. ಹೊಸದೇನಲ್ಲ, 1951ರಲ್ಲೇ ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮ ಕರಾವಳಿಗೆ ಎಟಿ ಅಂಡ್ ಟಿ ಕಂಪನಿ 107 ಟವರ್‌ಗಳ ಸಾಲು ನಿಲ್ಲಿಸಿ ಟೆಲಿಫೋನ್ ಕರೆಗಳನ್ನೂ ಟಿವಿಯನ್ನೂ ಹೀಗೇ ದಾಟಿಸಿತ್ತು.

ಸಾಲು ಅಂದ ಕೂಡಲೇ ತೊಂದರೆಯೂ ಕಾಣುತ್ತೆ. ಫೈಬರ್ ಇರೋದು ಒಂದನೇ ಟವರ್‌ನಲ್ಲಿ. ಅಲ್ಲಿಂದ ಎರಡನೆಯದಕ್ಕೆ ಒಂದು ಜಿಗಿತ, ಎರಡರಿಂದ ಮೂರಕ್ಕೆ ಇನ್ನೊಂದು. ಮೂರನೇ ಟವರ್‌ನ ಅಷ್ಟೂ ಮನೆಗಳ ಡೇಟಾ ಎರಡನೇ ಟವರ್‌ನ ಡೇಟಾ ಜೊತೆ ಸೇರಿ ಆ ಮೊದಲ ಜಿಗಿತದಲ್ಲೇ ದಾಟಬೇಕು. ನಾಲ್ಕನೇ ಟವರ್ ಸೇರಿಸಿದರೆ ಅದೂ ಅಲ್ಲೇ. ಹೊಸ ಟವರ್ ನಿಲ್ಲಿಸಿದರೆ ಹೊಸ ಗಿರಾಕಿಗಳು ಸಿಗುತ್ತಾರೆ, ಹಳೇ ಜಿಗಿತ ದೊಡ್ಡದು ಮಾಡಿದರೆ ಖರ್ಚು ಮಾತ್ರ ಸಿಗುತ್ತೆ. ಯಾವುದು ಮೊದಲು ಆಗುತ್ತೆ ಅಂತ ನೀವೇ ಊಹಿಸಿ. ಬುದ್ಧಿ ಇರುವವರು ಸಾಲಿನ ಕೊನೆಯನ್ನು ಇನ್ನೊಂದು ಕಡೆ ಫೈಬರ್‌ಗೆ ಜೋಡಿಸಿ ಬಳೆ ಮಾಡುತ್ತಾರೆ, ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಬರುತ್ತೆ.

ಬ್ಯಾಕ್‌ಹಾಲ್‌ಗೆ ತರಂಗಾಂತರ ಆರಿಸೋದು ಎಷ್ಟು ದೂರ ಹೋಗುತ್ತೆ, ಎಷ್ಟು ಡೇಟಾ ಹಿಡಿಸುತ್ತೆ ಅನ್ನೋ ಎರಡರ ನಡುವಿನ ಚೌಕಾಸಿ. 11 ಅಥವಾ 18 ಗಿಗಾಹರ್ಟ್ಸ್ ಲೈಸೆನ್ಸ್ ಪಡೆದ ಮೈಕ್ರೋವೇವ್ ಹತ್ತಾರು ಕಿಲೋಮೀಟರ್ ಹೋಗುತ್ತೆ. 80 ಗಿಗಾಹರ್ಟ್ಸ್ ಆಸುಪಾಸಿನ ಇ-ಬ್ಯಾಂಡ್‌ನಲ್ಲಿ 10 ಜಿಬಿಪಿಎಸ್ ತಳ್ಳಬಹುದು, ಆದರೆ ಕೆಲವೇ ಕಿಲೋಮೀಟರ್, ಜೋರು ಮಳೆ ಬಂದರೆ ಅದೂ ಕಷ್ಟ. 60 ಗಿಗಾಹರ್ಟ್ಸ್ ಇನ್ನೂ ವಿಚಿತ್ರ: ಅಲ್ಲಿ ಗಾಳಿಯ ಆಮ್ಲಜನಕವೇ ಪ್ರತಿ ಕಿಲೋಮೀಟರ್‌ಗೆ ಸುಮಾರು 15 ಡೆಸಿಬೆಲ್ ನುಂಗಿಹಾಕುತ್ತೆ. ದೂರ ಹೋಗಲ್ಲ, ಆದ್ದರಿಂದಲೇ ಅಕ್ಕಪಕ್ಕದವರಿಗೆ ಕಿರಿಕಿರಿಯೂ ಇಲ್ಲ, ಬೀದಿಯೊಳಗಿನ ಸಣ್ಣ ಜಿಗಿತಕ್ಕೆ ಹೇಳಿ ಮಾಡಿಸಿದ ಹಾಗಿದೆ.

"ಮಳೆ ಬಂದ್ರೆ ವೈರ್‌ಲೆಸ್ ಹೋಗುತ್ತೆ" ಅನ್ನೋ ಮಾತಿನ ಹಿಂದೆ ಇರೋದೂ ಇದೇ. ಛಾವಣಿಯ 5 ಗಿಗಾಹರ್ಟ್ಸ್ ಸಂಪರ್ಕಕ್ಕೆ ಮಳೆ ಅಂಥ ದೊಡ್ಡ ಶತ್ರು ಏನಲ್ಲ, ಹತ್ತು ಗಿಗಾಹರ್ಟ್ಸ್ ದಾಟಿದ ಮೇಲೆಯೇ ಹನಿಗಳು ನಿಜವಾಗಿ ಕಾಟ ಕೊಡೋದು. ಮಳೆಯಲ್ಲಿ ನಿಮ್ಮ ನೆಟ್ ಹೋದರೂ ತಟ್ಟೆಯ ಅಂಕಿ ಹಾಗೇ ಇದ್ದರೆ ಹಿಂದಿನ ಬ್ಯಾಕ್‌ಹಾಲ್ ಮೇಲೆ ಅನುಮಾನ ಪಡಿ. ಮಳೆ ನಿಂತು ಗಂಟೆ ಕಳೆದರೂ ಅಂಕಿ ಬಿದ್ದೇ ಇದ್ದರೆ ಕನೆಕ್ಟರ್‌ನೊಳಗೆ ನೀರು ಹೋಗಿದೆಯಾ, ತೊಯ್ದ ಎಲೆ ಅಡ್ಡ ಇದೆಯಾ ನೋಡಿಸಿ. ಇನ್ನು ಮಳೆಯೂ ಇಲ್ಲದೆ ಏನೂ ಇಲ್ಲದೆ ಇಡೀ ಸೆಕ್ಟರ್ ಒಂದು ನಿಮಿಷ ಸತ್ತು ಮತ್ತೆ ಎದ್ದರೆ ಬಹುಶಃ ರೇಡಾರ್. 5 ಗಿಗಾಹರ್ಟ್ಸ್‌ನ ಒಂದು ಭಾಗವನ್ನು ಹವಾಮಾನ ರೇಡಾರ್‌ಗಳೂ ಬಳಸುತ್ತವೆ, ರೇಡಾರ್ ಸದ್ದು ಕೇಳಿದರೆ ಟವರ್ ಚಾನೆಲ್ ಬಿಟ್ಟುಕೊಡಬೇಕು, ಹೊಸ ಚಾನೆಲ್‌ನಲ್ಲಿ ಕನಿಷ್ಠ 60 ಸೆಕೆಂಡ್ ಕಿವಿಗೊಟ್ಟು ಕೇಳಿದ ಮೇಲೆಯೇ ಮಾತು ಶುರು ಮಾಡಬೇಕು.

ಬ್ಯಾಕ್‌ಹಾಲ್ ದಾಟಿದ ಮೇಲೆ ಫೈಬರ್, ಅದರ ತುದಿಯಲ್ಲಿ ಕಂಪನಿಯ ಮುಖ್ಯ ಕೋಣೆ. ನಿಮ್ಮ ಪ್ಲಾನ್ ಎಷ್ಟು, ಬಿಲ್ ಕಟ್ಟಿದ್ದೀರಾ, ವೇಗಕ್ಕೆ ಎಲ್ಲಿ ಕತ್ತರಿ ಹಾಕಬೇಕು, ಎಲ್ಲ ಅಲ್ಲೇ ನಿರ್ಧಾರ. ಐಪಿವಿ4 ವಿಳಾಸಗಳು ಸುಮಾರು 430 ಕೋಟಿ ಮಾತ್ರ ಇರೋದರಿಂದ ತಡವಾಗಿ ಬಂದ ಸಣ್ಣ ಕಂಪನಿಗಳಿಗೆ ಸಾಲುವಷ್ಟು ಸಿಕ್ಕಿಲ್ಲ. ಒಂದು ವಿಳಾಸದಲ್ಲಿ ಹತ್ತಾರು ಮನೆ ಕೂರಿಸುತ್ತಾರೆ. ನಿಮ್ಮ ರೂಟರ್‌ಗೆ ಬಂದ ವಿಳಾಸ 100.64ರಿಂದ 100.127ರ ಒಳಗೆ ಶುರುವಾದರೆ ನೀವೂ ಆ ಗುಂಪಿನಲ್ಲಿದ್ದೀರಿ. ಮನೆಯ ಕ್ಯಾಮೆರಾವನ್ನು ಹೊರಗಿನಿಂದ ನೇರ ನೋಡೋಕೆ ಆಗ್ತಿಲ್ಲ ಅಂದ್ರೆ ಕಾರಣ ಇದಿರಬಹುದು.

ಇಷ್ಟು ದಿನ ಈ ಕ್ಷೇತ್ರ ಸಣ್ಣ ಕಂಪನಿಗಳದಾಗಿತ್ತು. ಈಗ 4ಜಿ, 5ಜಿ ಮೊಬೈಲ್ ಕಂಪನಿಗಳೂ ಮನೆಗೆ ಡಬ್ಬಿ ಕೊಡುತ್ತಿವೆ. ಅಮೆರಿಕದಲ್ಲಿ ಟಿ-ಮೊಬೈಲ್ 2021ರಲ್ಲಿ ಮನೆ ಇಂಟರ್ನೆಟ್ ಶುರು ಮಾಡಿದಾಗ ಹಿಡಿದ ದಾರಿ ಗಮನಿಸುವಂಥದ್ದು: ಟವರ್‌ನಲ್ಲಿ ಮೊಬೈಲ್‌ಗೆ ಬೇಕಾದದ್ದು ಬಿಟ್ಟು ಸಾಮರ್ಥ್ಯ ಉಳಿದಿರುವ ಕಡೆ ಮಾತ್ರ ಮನೆ ಸಂಪರ್ಕ ಮಾರೋದು. ಇದರಲ್ಲಿ ಜಾಣತನ ಇದೆ, ಯಾಕಂದ್ರೆ ಒಂದು ಮನೆ ಒಂದು ಫೋನ್‌ಗಿಂತ ಎಷ್ಟೋ ಪಟ್ಟು ಜಾಸ್ತಿ ಡೇಟಾ ಕುಡಿಯುತ್ತೆ. ಆದರೆ ರಚನೆ ನೋಡಿದರೆ ಬಾವಿ ಅದೇ, ಹಗ್ಗವೂ ಅದೇ, ಈಗ ದಾರಿಹೋಕರೂ ಸಾಲಿಗೆ ಬಂದು ನಿಂತಿದ್ದಾರೆ. ಸಾಲು ಉದ್ದ ಆದಾಗ ಎಷ್ಟೋ ಕಡೆ ಮೊದಲ ಸರದಿ ಫೋನ್‌ಗೆ.

ಹಗ್ಗಗಳ ಸಂಖ್ಯೆ, ಅಂದರೆ ಬಳಸೋಕೆ ಸಿಗುವ ತರಂಗಾಂತರ, ಹೆಚ್ಚಿಸೋ ವಿಷಯದಲ್ಲೂ ಜಗಳ ನಡೆದೇ ಇದೆ. 6 ಗಿಗಾಹರ್ಟ್ಸ್ ಪಟ್ಟಿಯಲ್ಲಿ 1200 ಮೆಗಾಹರ್ಟ್ಸ್ ಜಾಗ ಇದೆ. 2020ರಲ್ಲಿ ಅಮೆರಿಕ ಅದಷ್ಟನ್ನೂ ಲೈಸೆನ್ಸ್ ಇಲ್ಲದ ಬಳಕೆಗೆ ಬಿಟ್ಟಿತು. ಯುರೋಪ್ 2021ರಲ್ಲಿ ಕೆಳಗಿನ 480 ಮಾತ್ರ ಬಿಟ್ಟಿತು. ಚೀನಾ 2023ರಲ್ಲಿ ಮೇಲಿನ 700ನ್ನು ಮೊಬೈಲ್‌ಗೆ ಕೊಟ್ಟಿತು. ಹರಾಜಿಗೆ ದುಡ್ಡಿಲ್ಲದ ಸಣ್ಣ ಫಿಕ್ಸೆಡ್ ವೈರ್‌ಲೆಸ್ ಕಂಪನಿಗಳು ಮುಂದೆ ಎಷ್ಟು ಬೆಳೆಯುತ್ತವೆ ಅನ್ನೋದು ಇಂಥ ತೀರ್ಮಾನಗಳ ಮೇಲೆ ನಿಂತಿದೆ. ನನ್ನನ್ನು ಕೇಳಿದರೆ, ಪೂರ್ತಿ ಪಟ್ಟಿಯನ್ನು ದೊಡ್ಡವರಿಗೆ ಬರೆದುಕೊಡೋದು ಸರಿಯಲ್ಲ.

ಸರಿ, ನಮ್ಮ ಸಂಜೆಯ ಕಾಯಿಲೆಗೆ ವಾಪಸ್ ಬರೋಣ. ನಾನು ಮಾಡಿದ್ದು ಇಷ್ಟೇ. ಲ್ಯಾಪ್‌ಟಾಪ್‌ಗೆ ನೇರವಾಗಿ ಕೇಬಲ್ ಚುಚ್ಚಿದೆ, ಮನೆಯ ವೈಫೈ ಮೇಲೆ ಅನುಮಾನ ಉಳಿಯಬಾರದು ಅಂತ. ಬೆಳಿಗ್ಗೆ 6ಕ್ಕೆ ಒಂದು ಸಲ, ಸಂಜೆ 8ಕ್ಕೆ ಒಂದು ಸಲ ಟ್ರೇಸ್‌ರೂಟ್ ಓಡಿಸಿದೆ. ಡೇಟಾ ಯಾವ ಯಾವ ರೂಟರ್ ದಾಟುತ್ತೆ, ಒಂದೊಂದಕ್ಕೆ ಎಷ್ಟು ಹೊತ್ತು ಅಂತ ಅದು ಸಾಲಾಗಿ ತೋರಿಸುತ್ತೆ. ಕೆಲವು ಕಂಪನಿಗಳಲ್ಲಿ ಟವರ್‌ಗಳು ಕಾಣದ ಹಾಗೆ ಎಲ್ಲವೂ ಒಂದು ಸುರಂಗದಲ್ಲಿ ಹೋಗುತ್ತೆ, ನಮ್ಮದರಲ್ಲಿ ಅದೃಷ್ಟಕ್ಕೆ ಟವರ್ ರೂಟರ್ ಕಾಣುತ್ತಿತ್ತು. ಬೆಳಿಗ್ಗೆ ಟವರ್‌ಗೆ 4 ಮಿಲಿಸೆಕೆಂಡ್, ಮುಂದಿನ ಟವರ್‌ಗೆ 6. ಸಂಜೆ ಟವರ್‌ಗೆ 7, ಮುಂದಿನದಕ್ಕೆ 140, ಅಲ್ಲಿಂದಾಚೆಯ ಎಲ್ಲ ಸಾಲಿಗೂ 140ರ ಮೇಲೆ.

ಅಂದರೆ ನಮ್ಮ ಬಾವಿಯಲ್ಲಿ ತಳ್ಳಾಟ ಇರಲಿಲ್ಲ. ಎರಡು ಟವರ್‌ಗಳ ನಡುವಿನ ಜಿಗಿತದಲ್ಲಿ ಡೇಟಾ ಸರದಿಗೆ ನಿಂತಿತ್ತು, ಆ ಸರದಿಯನ್ನು ಅಚ್ಚುಕಟ್ಟಾಗಿ ನಡೆಸುವ ಸಾಫ್ಟ್‌ವೇರೂ ಅಲ್ಲಿರಲಿಲ್ಲ ಅಂತ ಕಾಣುತ್ತೆ. ಎಫ್‌ಕ್ಯೂ-ಕೋಡೆಲ್ ಥರದ್ದು ಏನಾದರೂ ಇದ್ದಿದ್ದರೆ ಯಾರದೋ ದೊಡ್ಡ ಡೌನ್‌ಲೋಡ್ ಹಿಂದೆ ನಮ್ಮ ವಿಡಿಯೊ ಕಾಲ್ ಇಷ್ಟು ಹೊತ್ತು ಕಾಯುತ್ತಿರಲಿಲ್ಲ.

ಎರಡೂ ಟ್ರೇಸ್‌ರೂಟ್‌ಗಳ ಚಿತ್ರ ತೆಗೆದು, ಎರಡನೇ ಸಾಲಿಗೆ ಕೆಂಪು ಗೆರೆ ಎಳೆದು ಕಂಪನಿಗೆ ಕಳಿಸಿದೆ. ಈ ಸಲ ಹೆಲ್ಪ್‌ಲೈನ್ ಫೋನ್ ಬರಲಿಲ್ಲ, ಟವರ್ ನೋಡಿಕೊಳ್ಳುವವರೇ ಮಾಡಿದರು. "ಅಲ್ಲಿ ಹೋದ ತಿಂಗಳು ಇನ್ನೊಂದು ಟವರ್ ಸೇರಿಸಿದ್ವಿ ಸರ್" ಅಂದರು, ಸ್ವಲ್ಪ ಹೊತ್ತು ಸುಮ್ಮನಿದ್ದು "ಲಿಂಕ್ ಬದಲಾಯಿಸಬೇಕು, ಮೂರು ವಾರ ಕೊಡಿ" ಅಂದರು. ಐದು ವಾರ ಆಯಿತು. ಈಗ ಸಂಜೆ 8ಕ್ಕೂ ಆ ಎರಡನೇ ಸಾಲು 6 ಮಿಲಿಸೆಕೆಂಡ್ ತೋರಿಸುತ್ತಿದೆ. ಛಾವಣಿಯ ತಟ್ಟೆಯನ್ನು ಯಾರೂ ಮುಟ್ಟಿಲ್ಲ. ಅದು ಈಗಲೂ ಮೈನಸ್ 61.